ಲಕ್ಷದ್ವೀಪದಲ್ಲಿ ಸ್ಕೂಬಾ ರಜೆ: ವಾಪಸ್ ಬರುವ ದಿನದಿಂದ ಲೆಕ್ಕ ಹಾಕಿ

ಲಕ್ಷದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆಂದು ಹೊರಡುವವರು ಮೊದಲು ರೆಸಾರ್ಟಿನ ಕೋಣೆಯ ಚಿತ್ರ ನೋಡುತ್ತಾರೆ, ಆಮೇಲೆ ವಿಮಾನದ ದರ ನೋಡುತ್ತಾರೆ, ಡೈವಿಂಗ್ ಬಗ್ಗೆ ಅಲ್ಲಿಗೆ ಹೋಗಿ ವಿಚಾರಿಸೋಣ ಎಂದುಕೊಳ್ಳುತ್ತಾರೆ. ಗೋವಾಕ್ಕೆ ಹೋಗುವಾಗ ಈ ಕ್ರಮ ನಡೆದೀತು. ಕೊಚ್ಚಿಯಿಂದ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಿರುವ, ವಿಮಾನದ ಸೀಟು ಬೆರಳೆಣಿಕೆಯಷ್ಟಿರುವ, ಪರವಾನಗಿ ಇಲ್ಲದೆ ಕಾಲಿಡಲಾಗದ ದ್ವೀಪದಲ್ಲಿ ನಡೆಯುವುದಿಲ್ಲ. ಅಲ್ಲಿ ಹೋಗಿ ಕಲಿಯುತ್ತೇನೆ ಎಂದವರ ಅರ್ಧ ರಜೆ ಮೊಣಕಾಲುದ್ದದ ನೀರಿನಲ್ಲಿ ಅಭ್ಯಾಸ ಮಾಡುವುದರಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ತುದಿಯಿಂದ ಶುರುವಾಗುತ್ತದೆ: ವಾಪಸ್ ಟಿಕೆಟಿನಿಂದ.

ಹಂತ 1: ಕೊನೆಯ ಮುಳುಗು ಯಾವತ್ತು?

ನೀರಿನಡಿ ಒತ್ತಡ ಹೆಚ್ಚು. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತ ಹೋಗುತ್ತದೆ. ಆ ಒತ್ತಡದಲ್ಲಿ ಉಸಿರಾಡುವ ಗಾಳಿಯ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕ ಸದ್ದಿಲ್ಲದೆ ಹೊರಹೋಗುತ್ತದೆ, ಆದರೆ ಪೂರ್ತಿ ಹೋಗಲು ಗಂಟೆಗಳು ಬೇಕು. ಅಷ್ಟರಲ್ಲಿ ವಿಮಾನ ಹತ್ತಿದಿರಿ ಎನ್ನಿ. ವಿಮಾನದ ಒಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ಹೊರಗಿನ ಒತ್ತಡ ಇಳಿದಾಗ ಉಳಿದ ಸಾರಜನಕ ಗುಳ್ಳೆಗಟ್ಟುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವುದೇ ಇಲ್ಲೂ ಆಗುತ್ತದೆ, ಆದರೆ ಕೀಲುಗಳಲ್ಲಿ ಮತ್ತು ನರಗಳಲ್ಲಿ. ಇದೇ ಡಿಕಂಪ್ರೆಶನ್ ಕಾಯಿಲೆ.

ಒಂದೇ ಮುಳುಗು ಹಾಕಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 12 ಗಂಟೆ, ದಿನಕ್ಕೆ ಎರಡು ಅಥವಾ ಸತತ ಹಲವು ದಿನ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕು ಎಂಬುದು ಸಾಮಾನ್ಯ ನಿಯಮ. ಬಹುತೇಕ ಡೈವ್ ಕೇಂದ್ರದವರು 24 ಗಂಟೆ ಎನ್ನುತ್ತಾರೆ. ಅದನ್ನೇ ಪಾಲಿಸಿ, ಚೌಕಾಸಿ ಬೇಡ.

ಈಗ ಕ್ಯಾಲೆಂಡರ್ ತೆಗೆದು ಹಿಂದಕ್ಕೆ ಎಣಿಸಿ. ಭಾನುವಾರ ಬೆಳಿಗ್ಗೆ, ವಿಮಾನ ನಿಲ್ದಾಣವಿರುವ ಅಗತ್ತಿ ದ್ವೀಪದಿಂದ ವಿಮಾನ ಎಂದಾದರೆ ಶನಿವಾರ ಡೈವಿಂಗ್ ಇಲ್ಲ. ಕಡ್ಮತ್ ದ್ವೀಪದಲ್ಲಿ ಉಳಿದಿದ್ದರೆ ಅಗತ್ತಿಗೆ ದೋಣಿಯಲ್ಲಿ ಬರಬೇಕು, ಗಾಳಿ ಎದ್ದರೆ ದೋಣಿ ಹೊರಡದು. ಆದ್ದರಿಂದ ಶನಿವಾರ ಅದಕ್ಕೇ ಮೀಸಲು. ಹಾಗಾಗಿ ಕೊನೆಯ ಮುಳುಗು ಶುಕ್ರವಾರ ಬೆಳಿಗ್ಗೆ. ಸೋಮವಾರ ಬಂದಿಳಿದು ಮಂಗಳವಾರ ಸುಧಾರಿಸಿಕೊಂಡರೆ ಒಂದು ವಾರದ ರಜೆಯಲ್ಲಿ ನಿಜವಾದ ಡೈವಿಂಗಿಗೆ ಸಿಗುವುದು ಬುಧವಾರ, ಗುರುವಾರ ಮತ್ತು ಶುಕ್ರವಾರದ ಅರ್ಧ. ಇಷ್ಟೇ. ಈ ಲೆಕ್ಕ ಕಣ್ಣೆದುರು ಬಂದ ಮೇಲೆ ಮುಂದಿನ ಹಂತಗಳು ತಾವಾಗಿಯೇ ಅರ್ಥವಾಗುತ್ತವೆ.

ಹಾರುವ ಮೊದಲಿನ ಬಿಡುವಿನ ದಿನ ಹಾಳಾಯಿತೆಂದು ಮರುಗಬೇಡಿ. ನೀರಿನ ಮೇಲೆ ತೇಲುತ್ತ ಸ್ನಾರ್ಕೆಲಿಂಗ್ ಮಾಡಬಹುದು, ಆದರೆ ಉಸಿರು ಬಿಗಿಹಿಡಿದು ಮತ್ತೆ ಮತ್ತೆ ಕೆಳಗೆ ಧುಮುಕುವುದು ಬೇಡ. ಗಾಜಿನ ತಳದ ದೋಣಿಯಲ್ಲಿ ಸುತ್ತಬಹುದು. ಅಗತ್ತಿಯಲ್ಲಿದ್ದರೆ ಸಂಜೆ ಟ್ಯೂನಾ ದೋಣಿಗಳು ಬರುವುದನ್ನು ನೋಡಬಹುದು. ಅಲ್ಲಿಯವರು ಬಲೆಗಿಂತ ಗಳ ಮತ್ತು ಗಾಳವನ್ನೇ ಹೆಚ್ಚು ನಂಬುತ್ತಾರೆ. ಹಿಡಿದ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೊಡ್ಡಿ 'ಮಾಸ್' ಮಾಡುತ್ತಾರೆ.

ಹಡಗಿನಲ್ಲಿ ಕೊಚ್ಚಿಗೆ ವಾಪಸಾಗುವವರಿಗೆ ಒಂದು ಅನುಕೂಲವಿದೆ. ಹಡಗು ಸಮುದ್ರಮಟ್ಟದಲ್ಲೇ ಚಲಿಸುವುದರಿಂದ ಆ ಹದಿನಾಲ್ಕು ಹದಿನೆಂಟು ಗಂಟೆಗಳು ಕಾಯುವ ಅವಧಿಗೇ ಜಮೆಯಾಗುತ್ತವೆ.

ಇದೇ ಲೆಕ್ಕ ನಮ್ಮ ಘಾಟಿಗೂ ಅನ್ವಯಿಸುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ಮೀರಿದ್ದೆಲ್ಲ ಎತ್ತರವೇ. ಬೆಂಗಳೂರು 900 ಮೀಟರಿನ ಆಸುಪಾಸಿನಲ್ಲಿದೆ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮುಳುಗಿ ಬಂದು ಅದೇ ಸಂಜೆ ಘಾಟಿ ಹತ್ತುವ ಬಸ್ಸಿಗೆ ಓಡುವವರು ಮುಂಚೆಯೇ ತರಬೇತುದಾರರನ್ನು ಕೇಳಿಕೊಳ್ಳಲಿ. ರಾತ್ರಿ ಕರಾವಳಿಯಲ್ಲೇ ಉಳಿದು ಬೆಳಿಗ್ಗೆ ಹೊರಟರೆ ಕಳೆದುಕೊಳ್ಳುವುದೇನೂ ಇಲ್ಲ.

ಹಂತ 2: ಯಾವ ದ್ವೀಪ, ಯಾವ ತಿಂಗಳು

ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ. ಎಲ್ಲ ಸೇರಿದರೂ ನೆಲ ಸುಮಾರು 32 ಚದರ ಕಿಲೋಮೀಟರ್. ಡೈವಿಂಗಿಗೆ ಹೋಗುವವರು ಮುಖ್ಯವಾಗಿ ಮೂರು ಹೆಸರು ಕೇಳುತ್ತಾರೆ.

ಅಗತ್ತಿಯಲ್ಲಿ ವಿಮಾನ ನಿಲ್ದಾಣವಿದೆ, ಆಸ್ಪತ್ರೆಯಿದೆ, ಊರಿದೆ. ಇಳಿದ ಕೂಡಲೇ ಡೈವಿಂಗ್ ಕೇಂದ್ರ ತಲುಪಬಹುದು. ಕಡಿಮೆ ದಿನ ಇರುವವರಿಗೆ ಇದೇ ಸರಿ. ಬಂಗಾರಂ ಅಗತ್ತಿಯ ಈಶಾನ್ಯಕ್ಕೆ, ದೋಣಿಯಲ್ಲಿ ಹೋಗುವಷ್ಟು ಹತ್ತಿರ. ಊರೆಂಬುದು ಇಲ್ಲ, ತೆಂಗಿನ ಮರ, ಬಿಳಿ ಮರಳು ಮತ್ತು ಪ್ರವಾಸಿಗಳ ವಸತಿ ಮಾತ್ರ. ಜಾಹೀರಾತಿನಲ್ಲಿ ಕಾಣುವ ಏಕಾಂತ ದ್ವೀಪ ಬೇಕೆನ್ನುವವರು ಇಲ್ಲಿಗೆ ಹೋಗಲಿ. ಲಕ್ಷದ್ವೀಪದ ಉಳಿದೆಡೆ ಮದ್ಯಪಾನ ನಿಷೇಧವಿದ್ದು, ಬಂಗಾರಂಗೆ ಮಾತ್ರ ವಿನಾಯಿತಿ ಇದೆ. ಹಿಂದಿನ ರಾತ್ರಿ ಕುಡಿದವರು ಬೆಳಿಗ್ಗೆ ನೀರಿಗಿಳಿಯಬಾರದು ಎಂಬ ನಿಯಮಕ್ಕೆ ಮಾತ್ರ ಎಲ್ಲೂ ವಿನಾಯಿತಿ ಇಲ್ಲ.

ನನ್ನ ಒಲವು ಕಡ್ಮತ್ ಕಡೆಗೆ. ಒಂಬತ್ತು ಕಿಲೋಮೀಟರಿಗೂ ಉದ್ದದ, ಅಗಲವೇ ಇಲ್ಲದ ಪಟ್ಟಿಯಂಥ ದ್ವೀಪ ಇದು. ಪಶ್ಚಿಮಕ್ಕೆ ವಿಶಾಲವಾದ ಲಗೂನ್ (ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲು), ಪೂರ್ವಕ್ಕೆ ಕಿರಿದಾದದ್ದೊಂದು. ಡೈವಿಂಗ್ ಇಲ್ಲಿ ದಶಕಗಳಿಂದ ಬೇರೂರಿದೆ. ಕನ್ನಡಿಗರಿಗೆ ಇಲ್ಲಿ ಇನ್ನೊಂದು ನಂಟೂ ಇದೆ. ಕಡ್ಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು, ಅದಕ್ಕೂ ಹಿಂದೆ ಟಿಪ್ಪುವಿನ ಅಧೀನದಲ್ಲಿದ್ದವು. ಮಂಗಳೂರಿನ ಹಳೆ ಬಂದರಿನಿಂದ ದಿನಸಿ, ತರಕಾರಿ, ಮರಳು, ಜಲ್ಲಿ ಅಲ್ಲಿಗೆ ಹೋಗುವುದು ಹಳೆಯ ರೂಢಿ.

ಹವಾಮಾನದ ಮಾತು ಚಿಕ್ಕದು. ಮೇ ನಡುವಿನಿಂದ ಸೆಪ್ಟೆಂಬರ್ ತನಕ ಮುಂಗಾರು, ಆಗ ಯೋಚನೆಯೇ ಬೇಡ. ನವೆಂಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ನೀರು 27ರಿಂದ 30 ಡಿಗ್ರಿ ಇರುವುದರಿಂದ 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಸಾಕು.

ಹಂತ 3: ಕಾಗದಪತ್ರ

ಲಕ್ಷದ್ವೀಪದವರಲ್ಲದ ಭಾರತೀಯರೂ ಪ್ರವೇಶ ಪರವಾನಗಿ ಪಡೆಯಬೇಕು. ಇದು 1967ರ ನಿಯಮಾವಳಿಯಿಂದ ಬಂದ ಕ್ರಮ. ಗುರುತಿನ ಚೀಟಿ, ಭಾವಚಿತ್ರ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಬೇಕಾಗುತ್ತವೆ. ಕರ್ನಾಟಕದಲ್ಲಿರುವವರು ಪೊಲೀಸ್ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪರವಾನಗಿಯಲ್ಲಿ ಹೆಸರಿರುವ ದ್ವೀಪಕ್ಕಷ್ಟೇ ಹೋಗಬಹುದಾದ್ದರಿಂದ ಅಗತ್ತಿ ಮತ್ತು ಕಡ್ಮತ್ ಎರಡೂ ಬೇಕಿದ್ದರೆ ಎರಡನ್ನೂ ನಮೂದಿಸಿ. ನಿಯಮ ಮತ್ತು ಶುಲ್ಕ ಬದಲಾಗುತ್ತಿರುತ್ತವೆ. ಹೊರಡುವ ಒಂದೆರಡು ತಿಂಗಳ ಮೊದಲೇ ಲಕ್ಷದ್ವೀಪ ಆಡಳಿತದ ಅಧಿಕೃತ ಪೋರ್ಟಲ್ ನೋಡಿಕೊಳ್ಳಿ. ವಿಮಾನಗಳು ಕೊಚ್ಚಿಯಿಂದ ಹಿಂದಿನಿಂದಲೂ ಇವೆ, ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ 2024ರ ಮಾರ್ಚ್ ಕೊನೆಗೆ ಆರಂಭವಾಯಿತು. ಸಣ್ಣ ವಿಮಾನ, ಆದ್ದರಿಂದ ಸಾಮಾನಿನ ತೂಕದ ಮಿತಿ ಮೊದಲೇ ಓದಿಕೊಳ್ಳಿ.

ವಿಮೆಯ ಪತ್ರವನ್ನೂ ಇಲ್ಲೇ ಸೇರಿಸುತ್ತೇನೆ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಸ್ಕೂಬಾವನ್ನು ಅಪಾಯದ ಕ್ರೀಡೆ ಎಂದು ಹೊರಗಿಟ್ಟಿರುವುದೇ ಹೆಚ್ಚು. ದ್ವೀಪದಲ್ಲಿ ಗಂಭೀರವಾಗಿ ಅಸ್ವಸ್ಥರಾದವರನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುತ್ತಾರೆ. ಆ ಖರ್ಚು ನಿಮ್ಮ ವಿಮೆಯಲ್ಲಿ ಸೇರಿದೆಯೇ ಎಂದು ಸಣ್ಣ ಅಕ್ಷರ ಓದಿ.

ಹಂತ 4: ಊರಿನಲ್ಲೇ ಅರ್ಧ ಕಲಿತುಕೊಳ್ಳಿ

ಈ ಇಡೀ ಬರಹದಲ್ಲಿ ಒಂದನ್ನಷ್ಟೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಹೊಸಬರಿಗೆ ಎರಡು ದಾರಿಗಳಿವೆ. ಮೊದಲನೆಯದು ಪರಿಚಯದ ಮುಳುಗು: ಒಂದಷ್ಟು ಹೊತ್ತು ಪಾಠ, ಆಮೇಲೆ ತರಬೇತುದಾರರು ನಿಮ್ಮ ಸಿಲಿಂಡರ್ ಹಿಡಿದುಕೊಂಡೇ 12 ಮೀಟರ್ ಮೀರದಂತೆ ಕರೆದೊಯ್ಯುತ್ತಾರೆ. ಒಮ್ಮೆ ನೋಡಿ ಬರುವವರಿಗೆ ಇದು ಸಾಕು. ಎರಡನೆಯದು 'ಓಪನ್ ವಾಟರ್' ಕೋರ್ಸ್. ಇದನ್ನು ಮುಗಿಸಿದವರು 18 ಮೀಟರ್ ತನಕ ಜೊತೆಗಾರರೊಡನೆ ತಾವೇ ಮುಳುಗಬಹುದು. ಡೈವಿಂಗ್ ತರಬೇತಿಯ ಪಾಡಿ (PADI) ಸಂಸ್ಥೆಯ ಕೋರ್ಸಿಗೆ ಕನಿಷ್ಠ ವಯಸ್ಸು 10. ಇದರಲ್ಲಿ ಮೂರು ಭಾಗಗಳು: ಓದು, ಈಜುಕೊಳದ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಮುಳುಗು. 200 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕು. ವೇಗದ ಪರೀಕ್ಷೆಯಲ್ಲ ಇದು, ಗಾಬರಿಯಾಗದಿರುವ ಪರೀಕ್ಷೆ.

ಮೊದಲ ಎರಡು ಭಾಗಗಳಿಗೆ ಸಮುದ್ರವೇ ಬೇಕಿಲ್ಲ. ಬೆಂಗಳೂರಿನಂಥ ಊರಿನಲ್ಲಿ ವಾರಾಂತ್ಯಗಳಲ್ಲಿ ಅವನ್ನು ಮುಗಿಸಿ, ಉಳಿದದ್ದನ್ನು ಬೇರೆ ಕೇಂದ್ರದಲ್ಲಿ ಮುಗಿಸಲು ಕೊಡುವ 'ರೆಫರಲ್' ಪತ್ರ ಪಡೆದುಕೊಂಡು ಹೋದರೆ ದ್ವೀಪದಲ್ಲಿ ಉಳಿಯುವುದು ನಾಲ್ಕು ಮುಳುಗುಗಳು ಮಾತ್ರ. ಅವನ್ನೂ ನೇತ್ರಾಣಿಯಲ್ಲಿ ಮುಗಿಸಿಕೊಂಡರೆ ಲಕ್ಷದ್ವೀಪದ ಬೆಲೆಬಾಳುವ ದಿನಗಳೆಲ್ಲ ಸುತ್ತಾಟಕ್ಕೇ ಸಿಗುತ್ತವೆ. ಪತ್ರಕ್ಕೆ ಅವಧಿಯ ಮಿತಿ ಇರುತ್ತದೆ, ದ್ವೀಪದ ಕೇಂದ್ರ ಅದೇ ಸಂಸ್ಥೆಯ ಪತ್ರವನ್ನು ಒಪ್ಪುತ್ತದೆಯೇ ಎಂದೂ ಕೇಳಿಕೊಳ್ಳಿ.

ಆರೋಗ್ಯದ ಪ್ರಶ್ನಾವಳಿಯನ್ನು ಹೊರಡುವ ಮೊದಲೇ ತರಿಸಿಕೊಂಡು ಓದಿ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಶ್ವಾಸಕೋಶದ ಹಳೆಯ ಕಾಯಿಲೆ, ಕಿವಿಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಕ್ಕಾದರೂ 'ಹೌದು' ಎಂದರೆ ವೈದ್ಯರ ಸಹಿ ಬೇಕು. ಗರ್ಭಿಣಿಯರು ಮುಳುಗಬಾರದು. ದ್ವೀಪದಲ್ಲಿ ಕುಳಿತು ಎಲ್ಲಕ್ಕೂ 'ಇಲ್ಲ' ಎಂದು ಗೀಚಿ ನೀರಿಗಿಳಿಯುವುದು ಮೂರ್ಖತನ. ನೆಗಡಿಯಿದ್ದರೂ ಅಷ್ಟೇ. ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಇಳಿದರೆ, ಮಾತ್ರೆಯ ಪ್ರಭಾವ ಕೆಳಗೆ ಇಳಿದುಹೋದಾಗ ಕಿವಿಯೊಳಗಿನ ಗಾಳಿ ಹೊರಬರಲಾಗದೆ ಸಿಕ್ಕಿಕೊಳ್ಳುತ್ತದೆ.

ಹಂತ 5: ಚೀಲಕ್ಕೆ ಏನು

ಸಿಲಿಂಡರ್, ಅದರ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್, ತೇಲು ಜಾಕೆಟ್, ತೂಕದ ಪಟ್ಟಿ ಎಲ್ಲವೂ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತವೆ. ಸ್ವಂತದ್ದು ಇರಬೇಕಾದದ್ದು ಮಾಸ್ಕ್ ಒಂದೇ. ಅಂಗಡಿಯಲ್ಲಿ ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮದು. ಹೊಸ ಮಾಸ್ಕಿನ ಗಾಜಿನ ಒಳಬದಿಗೆ ತಯಾರಿಕೆಯ ಹಂತದ ತೆಳುಪದರ ಅಂಟಿರುತ್ತದೆ, ಟೂತ್‌ಪೇಸ್ಟ್ ಹಚ್ಚಿ ಚೆನ್ನಾಗಿ ಉಜ್ಜಿ ತೊಳೆಯದಿದ್ದರೆ ನೀರಿನಡಿ ಮಂಜು ಮಾತ್ರ ಕಾಣುತ್ತದೆ. ಕನ್ನಡಕದವರಿಗೆ ಪವರ್ ಇರುವ ಮಾಸ್ಕುಗಳು ಸಿಗುತ್ತವೆ.

ಮೀಸೆಯ ವಿಷಯ ಹೇಳದಿದ್ದರೆ ಮಾರ್ಗದರ್ಶಿ ಪೂರ್ತಿಯಾಗದು. ಮಾಸ್ಕಿನ ಕೆಳಅಂಚು ಕೂರುವುದು ಸರಿಯಾಗಿ ಮೀಸೆಯ ಮೇಲೆ. ಕೂದಲಿನ ಸಂದಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಬೋಳಿಸಬೇಕಿಲ್ಲ, ಮೂಗಿನ ಕೆಳಗೆ ಬೆರಳಗಲದ ಗೆರೆ ತೆಗೆದರೆ ಸಾಕು. ಮೀಸೆಯ ಅಭಿಮಾನ ಹೆಚ್ಚಿರುವವರು ಮಾಸ್ಕಿನ ನೀರು ಊದಿ ಹೊರಹಾಕುವುದನ್ನು ಚೆನ್ನಾಗಿ ಕಲಿತುಕೊಳ್ಳಲಿ.

ಸನ್‌ಸ್ಕ್ರೀನಿಗಿಂತ ಉದ್ದ ತೋಳಿನ ಈಜು ಅಂಗಿ ಉತ್ತಮ, ಚರ್ಮಕ್ಕೂ ಹವಳಕ್ಕೂ. ನಗದು ಹಣ ಇಟ್ಟುಕೊಳ್ಳಿ. ಊರೊಳಗೆ ಓಡಾಡುವಾಗ ಮೈತುಂಬ ಬಟ್ಟೆ ಇರಲಿ. ದೋಣಿಯಲ್ಲಿ ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆ ತಂದಿರಲಿ, ಆದರೆ ಕೆಲವು ಮಾತ್ರೆಗಳು ನಿದ್ದೆ ತರುತ್ತವೆ. ಅವನ್ನು ಊರಿನಲ್ಲೇ ಒಮ್ಮೆ ತಿಂದು ನೋಡುವುದು ಜಾಣತನ.

ಹಂತ 6: ನೀರಿನೊಳಗೆ

ಮೊದಲ ನಿಯಮಕ್ಕೆ ಎರಡನೆಯ ಮಾತಿಲ್ಲ: ಉಸಿರು ಬಿಗಿಹಿಡಿಯಬೇಡಿ. ಹತ್ತು ಮೀಟರ್ ಆಳದಲ್ಲಿ ತುಂಬಿಕೊಂಡ ಎದೆಯ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿ ಮೇಲೇರಿದರೆ ಶ್ವಾಸಕೋಶ ಹರಿಯಬಹುದು. ಈಜಲು ಕಲಿತವರಿಗೆ ನೀರಿನಲ್ಲಿ ಉಸಿರು ಹಿಡಿಯುವುದು ಅಭ್ಯಾಸಬಲ, ಅದನ್ನು ಮರೆಯಲು ಕೊಳದ ತರಬೇತಿಯೇ ಬೇಕು.

ಇಳಿಯುವಾಗ ತೊಂದರೆ ಕೊಡುವುದು ಕಿವಿ. ಹಗ್ಗ ಹಿಡಿದು ಇಳಿಯುವುದೇ ಹೊಸಬರಿಗೆ ಸುಲಭ. ಒಂದು ಕೈ ಹಗ್ಗದ ಮೇಲೆ, ಇನ್ನೊಂದು ಮೂಗಿನ ಮೇಲೆ. ತಲೆ ಮುಳುಗುವ ಮೊದಲೇ ಒಮ್ಮೆ ಮೂಗು ಹಿಡಿದು ಮೆಲ್ಲಗೆ ಊದಿ, ಕಿವಿಯಲ್ಲಿ ಟಕ್ ಎನ್ನಬೇಕು. ಆಮೇಲೆ ಒಂದೊಂದು ಮೊಳಕ್ಕೂ ಹಾಗೆಯೇ. ನೋವು ಶುರುವಾದ ಮೇಲೆ ಊದಿದರೆ ತೆರೆಯದು. ಆಗ ಒಂದೆರಡು ಅಡಿ ಮೇಲೆ ಬಂದು, ಮತ್ತೆ ಊದಿ, ಮತ್ತೆ ಇಳಿಯಿರಿ. ಹೊಸಬರು 'ಇನ್ನೂ ಆಳಕ್ಕೆ ಹೋದರೆ ಏನಾಗುತ್ತದೋ' ಎಂದು ಹೆದರುತ್ತಾರೆ, ಆದರೆ ಮೊದಲ ಕೆಲವು ಮೀಟರುಗಳೇ ಕಷ್ಟದವು. ಮೇಲ್ಮೈಯಿಂದ ಹತ್ತು ಮೀಟರಿಗೆ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ಇಪ್ಪತ್ತರಿಂದ ಮೂವತ್ತಕ್ಕೆ ಹೋಗುವಾಗ ಮೂರರಲ್ಲಿ ಒಂದು ಭಾಗ ನಾಲ್ಕರಲ್ಲಿ ಒಂದು ಭಾಗವಾಗುತ್ತದೆ, ಅಷ್ಟೇ.

ಗಾಳಿಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ಸುಮಾರು 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇದೆ. ಕೊನೆಯ 50 ಬಾರ್ ಮುಟ್ಟುವಂತಿಲ್ಲ. ಉಳಿದ 150 ಬಾರ್ ಎಂದರೆ 1,650 ಲೀಟರ್. ದಡದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 18 ಮೀಟರ್ ಆಳದಲ್ಲಿ 2.8 ಪಟ್ಟು, ಅಂದರೆ 56 ಲೀಟರ್ ಬಳಸುತ್ತಾರೆ. ಅರ್ಧ ಗಂಟೆಯೂ ಬಾರದು. ಅದೇ 10 ಮೀಟರಿನಲ್ಲಿ 40 ನಿಮಿಷ ದಾಟುತ್ತದೆ. ಹವಳದ ಬಣ್ಣ, ಬೆಳಕು, ಮೀನಿನ ಸಂದಣಿ ಎಲ್ಲವೂ ಆ ಆಳದಲ್ಲೇ ಹೆಚ್ಚು. ಆಳಕ್ಕೆ ಹೋದದ್ದನ್ನು ಹೇಳಿಕೊಳ್ಳುವ ಚಟವಿಲ್ಲದಿದ್ದರೆ 10–12 ಮೀಟರಿನಲ್ಲೇ ಇರಿ.

ಕೈಸನ್ನೆಗಳಲ್ಲಿ ಒಂದು ಎಚ್ಚರಿಕೆ. ಹೆಬ್ಬೆರಳು ಎತ್ತಿದರೆ 'ಮೇಲಕ್ಕೆ ಹೋಗೋಣ' ಎಂದರ್ಥ. ಕಡಲಾಮೆ ಕಂಡ ಖುಷಿಗೆ ಹೆಬ್ಬೆರಳೆತ್ತಿದವರನ್ನು ಮಾರ್ಗದರ್ಶಕರು ಶಿಸ್ತಾಗಿ ಮೇಲಕ್ಕೆ ಕರೆದೊಯ್ದ ಪ್ರಸಂಗಗಳಿಗೆ ಕೊರತೆಯಿಲ್ಲ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಉಂಗುರ ಮಾಡಿ. ನಮ್ಮ ತಲೆಯಾಡಿಸುವಿಕೆ ಅಲ್ಲಿ ಯಾರಿಗೂ ಅರ್ಥವಾಗದು.

ಹವಳದ ಹೊರದಿಬ್ಬದ ಇಳಿಜಾರಿನಲ್ಲಿ ತಾಟೆ ಮೀನು (ಶಾರ್ಕ್) ಕಂಡರೆ ಹೆದರಬೇಡಿ. ಬಿಳಿತುದಿಯ ರೆಕ್ಕೆಯ ಆ ಜಾತಿ ಹಗಲಿನಲ್ಲಿ ಬಂಡೆಯಡಿ ಮಲಗಿರುವುದೇ ಹೆಚ್ಚು. ತೊರಕೆ (ರೇ) ಮೀನಿಗೂ ನಿಮ್ಮ ಉಸಾಬರಿ ಬೇಡ. ಎಚ್ಚರಿಕೆ ಬೇಕಾದದ್ದು ಟೈಟನ್ ಟ್ರಿಗರ್ ಎಂಬ ಮೀನಿನ ಬಗ್ಗೆ. ಮುಕ್ಕಾಲು ಮೀಟರ್ ತನಕ ಬೆಳೆಯುವ, ಹವಳ ಕಡಿಯುವ ಹಲ್ಲಿನ ಈ ಮೀನು ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟಾಗ ಯಾರನ್ನೂ ಬಳಿಗೆ ಬಿಡದು. ಬೆನ್ನಿನ ಮುಳ್ಳು ನೆಟ್ಟಗೆ ಮಾಡಿ, ಮೈಯನ್ನು ಓರೆಯಾಗಿಸಿ ಒಂದು ಕಣ್ಣಿನಿಂದ ನಿಮ್ಮನ್ನು ಅಳೆಯುತ್ತದೆ. ಆಗ ಮೇಲಕ್ಕೆ ಓಡುವುದು ಸಹಜ, ಅದೇ ತಪ್ಪು. ಅದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಲಾಳಿಕೆಯಂತೆ ಅಗಲವಾಗುತ್ತ ಹೋಗುತ್ತದೆ. ಏರಿದಷ್ಟೂ ನೀವು ಅದರ ಜಾಗದಲ್ಲೇ ಇರುತ್ತೀರಿ. ಕಾಲಿನ ಫಿನ್ನುಗಳನ್ನು ಅದರತ್ತ ಇಟ್ಟುಕೊಂಡು ಪಕ್ಕಕ್ಕೆ ಈಜಿ ದೂರವಾಗಿ.

ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರ್ ಮೀರದ ವೇಗ. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ. ಕೇಂದ್ರದವರು, ಆಳ ಮತ್ತು ಸಮಯ ನೋಡಿ ದೇಹದ ಸಾರಜನಕದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಕೊಟ್ಟರೆ ಅದು ನಿಮ್ಮ ಕೈಯಲ್ಲೇ ಇರಲಿ, ಜೊತೆಗಾರರ ಕೈಯಲ್ಲಿದ್ದರೆ ಅವರ ದೇಹದ ಲೆಕ್ಕ ನಿಮಗೆ ಬಾರದು.

ಹಂತ 7: ಹವಳದ ಬಳಿ

ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಸಮುದ್ರದ ಬಿಸಿಯೇರಿ ಬಿಳಿಚಿಕೊಂಡಿತ್ತು. ನೀರು ಅತಿಯಾಗಿ ಕಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ, ಆಹಾರವೂ ಬಣ್ಣವೂ ಅದರೊಂದಿಗೆ ಹೋಗುತ್ತವೆ. ಹಾಗಾಗಿ ಕೆಲವೆಡೆ ಬೂದು ಬಣ್ಣದ ಸತ್ತ ಹವಳವೂ ಕಾಣುತ್ತದೆ. ಉಳಿದದ್ದನ್ನು ಕೆಡಿಸದಿರುವುದು ನಮ್ಮ ಪಾಲಿನ ಕೆಲಸ, ಅದು ಬಹುತೇಕ ತೇಲುವ ಹದದ, ಅಂದರೆ ಏರದೆ ಇಳಿಯದೆ ನೀರಿನ ನಡುವೆ ನಿಲ್ಲುವುದರ ಪ್ರಶ್ನೆ. ತೂಕ ಹೆಚ್ಚಾದವರು ಕಾಲು ಕೆಳಗಿಳಿಸಿ ಒದೆಯುತ್ತಾರೆ, ಒಂದು ಒದೆತಕ್ಕೆ ವರ್ಷಗಳ ಬೆಳವಣಿಗೆ ಮುರಿಯುತ್ತದೆ. ದುಂಡು ಬಂಡೆಯಂಥ ಹವಳಗಳು ವರ್ಷಕ್ಕೆ ಬೆಳೆಯುವುದೇ ಒಂದು ಸೆಂಟಿಮೀಟರಿನ ಆಸುಪಾಸು. ಮೊದಲ ದಿನವೇ ಮರಳಿನ ಮೇಲೆ ತೂಕ ಸರಿಹೊಂದಿಸಿಕೊಳ್ಳಿ. ಕ್ಯಾಮೆರಾ ಹಿಡಿಯುವುದು ಈ ಹದ ಬಂದ ಮೇಲೆ.

ಆಮೆಯನ್ನು ಅಟ್ಟಿಸಿಕೊಂಡು ಹೋಗಬೇಡಿ, ಅದೂ ಉಸಿರಿಗಾಗಿ ಮೇಲೆ ಬರಲೇಬೇಕು. ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ ಹವಳ, ಸಮುದ್ರಸೌತೆ, ಕೆಲವು ಚಿಪ್ಪುಗಳು ಸೇರಿವೆ. ಕಾನೂನಿನ ಲೆಕ್ಕದಲ್ಲಿ ಅದು ಹುಲಿಯ ಉಗುರು ಇಟ್ಟುಕೊಂಡಷ್ಟೇ ಗಂಭೀರ.

ಸಲಕರಣೆ ತೊಳೆಯುವಾಗ ನಲ್ಲಿ ಬಿಟ್ಟು ನಿಲ್ಲಬೇಡಿ. ಈ ದ್ವೀಪಗಳ ಸಿಹಿನೀರು ಎಂದರೆ ಮಣ್ಣಿನಡಿ ಉಪ್ಪುನೀರಿನ ಮೇಲೆ ತೇಲುವ ತೆಳು ಪದರ. ಸಾಲದ್ದಕ್ಕೆ ಕಡಲನೀರನ್ನೇ ಸಿಹಿಯಾಗಿಸುವ ಘಟಕವನ್ನು 2005ರಲ್ಲಿ ಕವರತ್ತಿ ದ್ವೀಪದಲ್ಲಿ ಕಟ್ಟಬೇಕಾಯಿತು. ಎಲ್ಲರ ಮಾಸ್ಕು, ರೆಗ್ಯುಲೇಟರ್ ಒಂದೇ ತೊಟ್ಟಿಯಲ್ಲಿ ಅದ್ದಿದರೆ ಆಯಿತು.

ಹಂತ 8: ಊರಿಗೆ ಬಂದ ಮೇಲೆ

ಪ್ರತಿ ಮುಳುಗಿನ ದಿನ, ಆಳ, ಅವಧಿ, ಬಳಸಿದ ಗಾಳಿ ಮತ್ತು ಕಟ್ಟಿಕೊಂಡ ತೂಕವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಕೇಂದ್ರದವರು ಕೇಳುವುದು ಇದನ್ನೇ. ವಾಪಸಾದ ಒಂದೆರಡು ದಿನಗಳಲ್ಲಿ ಭುಜ ಅಥವಾ ಮೊಣಕೈಯ ಕೀಲಿನಲ್ಲಿ ಆಳವಾದ ನೋವು, ಕೈಕಾಲು ಜುಮ್ಮೆನ್ನುವುದು, ಚರ್ಮದ ಮೇಲೆ ಜಾಲದಂಥ ಕಲೆ, ತಲೆಸುತ್ತು, ವಿವರಿಸಲಾಗದ ಸುಸ್ತು ಕಾಣಿಸಿದರೆ ಚೀಲ ಎತ್ತಿದ್ದಕ್ಕೆ ಹೀಗಾಯಿತೆಂದು ನೋವಿನ ಮುಲಾಮು ಹಚ್ಚಿ ಕೂರಬೇಡಿ. ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಕೇಳದಿದ್ದರೂ ನೀವಾಗಿಯೇ ಹೇಳಿ: ಇಂಥ ದಿನ ಇಷ್ಟು ಆಳಕ್ಕೆ ಸ್ಕೂಬಾ ಡೈವಿಂಗ್ ಮಾಡಿದ್ದೆ, ಇಂಥ ಹೊತ್ತಿಗೆ ವಿಮಾನದಲ್ಲಿ ಬಂದೆ. ಕರಾವಳಿಯಿಂದ ದೂರದ ಊರುಗಳ ವೈದ್ಯರಿಗೆ ಈ ಕಾಯಿಲೆ ನೋಡುವ ಸಂದರ್ಭ ಅಪರೂಪ. ಬರೆದಿಟ್ಟ ಪುಸ್ತಕವನ್ನು ಜೊತೆಗೆ ಒಯ್ಯಿರಿ, ಆಮ್ಲಜನಕ ಕೊಡಲು ಕೇಳಿ, ಹೆಚ್ಚಿನ ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಡುವ ಹೈಪರ್‌ಬೇರಿಕ್ ಚಿಕಿತ್ಸೆ ಎಲ್ಲಿದೆ ಎಂದು ವಿಚಾರಿಸಲು ಮನೆಯವರಿಗೆ ಹೇಳಿ.